ಮೋಟರ್ ಆಫ್ ಮಾಡಿದ ಹೊತ್ತು

ಯಂತ್ರಕ್ಕೆ ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂಬುದಿಲ್ಲ. ಸಾವಿರದ ಒಂಬೈನೂರ ಎಪ್ಪತ್ತನೇ ಇಸವಿಯ ಜನವರಿ ಒಂದರಿಂದ ಎಷ್ಟು ಸೆಕೆಂಡು ಕಳೆಯಿತು ಎಂದು ಎಣಿಸುತ್ತ ಕೂತಿರುತ್ತದೆ, ಅಷ್ಟೇ. ಏನಾದರೂ ನಡೆದರೆ ಆ ಹೊತ್ತಿನ ಎಣಿಕೆಯನ್ನು, ಹತ್ತು ಅಂಕಿಯ ಒಂದು ಸಂಖ್ಯೆಯನ್ನು, ಲಾಗ್ ಎಂಬ ಕಡತದಲ್ಲಿ ಬರೆದಿಡುತ್ತದೆ. ಆ ಸಂಖ್ಯೆಯನ್ನು ನಾವು ನೀವು ಓದುವ ತಾರೀಖು, ಗಂಟೆ, ನಿಮಿಷಕ್ಕೆ ತಿರುಗಿಸುವುದು ನನ್ನ ಹೊಟ್ಟೆಪಾಡು. ಹನ್ನೆರಡು ವರ್ಷದಿಂದ ಮಾಡುತ್ತಿದ್ದೇನೆ. ಕಣ್ಣು ಮುಚ್ಚಿ ಮಾಡಬಲ್ಲೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಒಂದು ದಿನ ಹಾಗೆಯೇ ಮಾಡಿದೆ.

ಮಧುಗಿರಿಯ ಕೋರ್ಟಿನ ಹಿಂದಿನ ಬೀದಿಯಲ್ಲಿ, ಒಂದು ಟೈಪಿಂಗ್ ಶಾಲೆಯ ಮೇಲಿನ ಮಹಡಿಯಲ್ಲಿ ನನ್ನ ಆಫೀಸು. ಆಫೀಸೆಂದರೆ ಒಂದು ಕೋಣೆ, ಎರಡು ಕುರ್ಚಿ, ವಿಂಡೋಸಿನ ಬದಲು ಲಿನಕ್ಸ್ ಹಾಕಿದ ಒಂದು ಕಂಪ್ಯೂಟರ್. ಕಿಟಕಿ ತೆರೆದರೆ ಬೆಟ್ಟದ ಬಂಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಕೆಲವು ಹಳ್ಳಿಗಳ ಕುಡಿಯುವ ನೀರಿನ ಮೋಟರುಗಳಿಗೆ ಒಬ್ಬ ಕಂಟ್ರಾಕ್ಟರು ಹೊಸ ಪ್ಯಾನಲ್ ಕೂರಿಸಿದ್ದರು. ಒಂದೊಂದು ಪ್ಯಾನಲ್ಲಿನಲ್ಲೂ ಒಂದು ಸಿಮ್ ಇದೆ. ಮೋಟರ್ ಆನ್ ಆದರೆ, ಆಫ್ ಆದರೆ, ಅದು ಎಲ್ಲೋ ದೂರದಲ್ಲಿರುವ ಬಾಡಿಗೆಯ ಸರ್ವರಿಗೆ ಸುದ್ದಿ ಕಳಿಸುತ್ತದೆ. ಕರೆಂಟು ಹೋಗಿ ನಿಂತರೆ ಒಂದು ಗುರುತು, ಮನುಷ್ಯರು ಕೈಯಾರೆ ನಿಲ್ಲಿಸಿದರೆ ಇನ್ನೊಂದು ಗುರುತು. ಆ ಸರ್ವರನ್ನು ನೋಡಿಕೊಳ್ಳುವವಳು ನಾನು.

ಗೌಡಗೆರೆ ಹೋಬಳಿಯ ಒಂದು ಹಳ್ಳಿಯ ನೀರುಗಂಟಿ ನನಗೆ ಗೊತ್ತಾದದ್ದು ಹಾಗೆ. ಊರಿಗೆ ನೀರು ಬಿಡುವ ಕೆಲಸ ಅವರದು. ಪ್ಯಾನಲ್ ಕೂರಿಸಿದ ಹೊಸದರಲ್ಲಿ ದಿನಾ ಫೋನ್ ಮಾಡುತ್ತಿದ್ದರು.

"ಮೇಡಮ್ಮ, ಈಗ ಆಫ್ ಮಾಡ್ದೆ. ಅಲ್ಲಿ ಕಾಣ್ತಾ?"

"ಕಾಣ್ತು."

"ನಾನಿಲ್ಲಿ ಮಲಗಿದ್ರೂ ಕಾಣ್ತದಾ?"

"ಮಲಗಿದ್ದು ಕಾಣಲ್ಲ, ಗೊರಕೆ ಕೇಳುತ್ತೆ."

ಅವರು ನಗುತ್ತಿದ್ದರು. ಇಪ್ಪತ್ತಾರು ವರ್ಷ ಒಂದೇ ಊರಿಗೆ ನೀರು ಬಿಟ್ಟವರು. ಹನ್ನೊಂದು ವರ್ಷ ಸ್ವಲ್ಪಸ್ವಲ್ಪವೇ ಕಟ್ಟಿಕೊಂಡು ಬಂದ ಮನೆಗೆ ಕಡೆಗೂ ಮೋಲ್ಡ್ ಹಾಕಿಸಿ, ಯುಗಾದಿ ಕಳೆದ ಮೇಲೆ ಒಕ್ಕಲು ಹೋದರು. ನನ್ನನ್ನೂ ಕರೆದಿದ್ದರು. ಹೋಗಿ ಹೋಳಿಗೆ ಉಂಡು ಬಂದಿದ್ದೆ. ಅವರ ಹೆಂಡತಿ ನನ್ನ ಕೈ ಹಿಡಿದು ಒಂದೊಂದು ಕೋಣೆಯನ್ನೂ ತೋರಿಸಿದ್ದರು. ಅಡಿಗೆಮನೆಯ ನಲ್ಲಿಯನ್ನು ಮೂರು ಸಲ ತಿರುಗಿಸಿ ತೋರಿಸಿದ್ದರು.

ಅದಾಗಿ ಎರಡು ತಿಂಗಳಾಗಿರಬೇಕು. ಅಂದು ನಾನು ಕೊರಟಗೆರೆ ತಾಲ್ಲೂಕಿನ ಒಂದು ಪಂಪ್‌ಹೌಸಿನಲ್ಲಿ ಹಾಳಾದ ಸಿಮ್ ಬದಲಿಸುತ್ತಿದ್ದೆ. ಮಧ್ಯಾಹ್ನ ಎರಡು ಗಂಟೆಗೆ ಫೋನ್ ಬಂತು. ನೀರುಗಂಟಿಯ ಮಗ. ಅವನಿಗೆ ಮೂವತ್ತರ ಮೇಲೆ ವಯಸ್ಸು, ಶಿರಾದ ಕಡಲೇಕಾಯಿ ಮಂಡಿಯಲ್ಲಿ ಕೆಲಸ.

"ಅಕ್ಕಾ, ಅಪ್ಪ ಹೋಗ್ಬುಟ್ರು."

ಊರಾಚೆಯ ಪಂಪ್‌ಹೌಸಿನಲ್ಲಿ, ಪ್ಯಾನಲ್ಲಿನ ಕೆಳಗೇ ಬಿದ್ದಿದ್ದರಂತೆ. ಪ್ಯಾನಲ್ ಬಾಗಿಲು ತೆರೆದೇ ಇತ್ತು, ಬೀಗದ ಕೈ ಇನ್ನೂ ಬೆರಳಿನಲ್ಲಿತ್ತು. ಮೋಟರ್ ಆಫ್ ಮಾಡಿದವರು ಬೀಗ ಹಾಕುವಷ್ಟರಲ್ಲಿ ಕುಸಿದಿದ್ದರು. ಪಕ್ಕದ ಹಟ್ಟಿಯ ಕುರಿಗಾಹಿಯೊಬ್ಬ ತೊಟ್ಟಿಯಲ್ಲಿ ಕುರಿಗಳಿಗೆ ನೀರು ಕುಡಿಸಲು ಬಂದು ನೋಡಿ, ಹನ್ನೆರಡೂವರೆಗೆ ಮಗನಿಗೆ ಫೋನ್ ಮಾಡಿದ್ದ.

ಅಳು ನುಂಗಿಕೊಂಡೇ ಅವನು ಕೇಳಬೇಕಾದ್ದನ್ನು ಕೇಳಿದ. ಜೋಯಿಸರು ಪಂಚಾಂಗ ಬಿಚ್ಚಿ ಕೂತಿದ್ದಾರೆ. ಬೆಳಗ್ಗೆ ಹತ್ತೂ ಐವತ್ತರವರೆಗೆ ಶ್ರವಣ, ಆಮೇಲೆ ಧನಿಷ್ಠ. ಧನಿಷ್ಠದಲ್ಲಿ ಉಸಿರು ಹೋಗಿದ್ದರೆ ಆ ಮನೆಯ ಬಾಗಿಲು ಹಾಕಿ ಆರು ತಿಂಗಳು ಎಲ್ಲರೂ ಹೊರಗಿರಬೇಕು. ಒಕ್ಕಲು ಹೋಗಿ ಎರಡು ತಿಂಗಳಾದ ಮನೆ ಅದು, ನೆಂಟರಾಗಲೇ ಮನೆಯ ಗಳಿಗೆಯ ಬಗ್ಗೆ ಗುಸುಗುಸು ಶುರುಮಾಡಿದ್ದರು.

"ಹೆಣ ಕಂಡ ಹೊತ್ತಲ್ಲ, ಉಸಿರು ಹೋದ ಹೊತ್ತು ಬೇಕು ಅಂತವ್ರೆ ಜೋಯಿಸ್ರು. ಅಪ್ಪ ಮೋಟರ್ ಆಫ್ ಮಾಡಿದ್ದು ನಿಮ್ ಕಂಪ್ಯೂಟ್ರಾಗೆ ಇರ್ತದಲ್ಲಕ್ಕಾ?"

ನಕ್ಷತ್ರದ ನಂಬಿಕೆ ನನಗಿಲ್ಲ. ಆದರೆ ಅದು ನನ್ನ ಮನೆಯಲ್ಲ. ಇರುತ್ತದೆ, ನಿಮಿಷ ಸೆಕೆಂಡಿನ ಸಮೇತ ಇರುತ್ತದೆ, ಲೈನಿನಲ್ಲೇ ಇರು ಎಂದೆ. ಹಾಗೆ ಹೇಳುವಾಗ ನನ್ನ ದನಿಯಲ್ಲಿದ್ದದ್ದು ದುಃಖ ಮಾತ್ರವಲ್ಲ, ಜಂಭವೂ ಇತ್ತು. ಇದನ್ನು ಇಷ್ಟು ದಿನದ ಮೇಲೆ ಒಪ್ಪಿಕೊಳ್ಳುತ್ತಿದ್ದೇನೆ.

ಆಫೀಸಿನ ಕಂಪ್ಯೂಟರಿನಲ್ಲಿ ನಾನೇ ಬರೆದ ಒಂದು ಚಿಕ್ಕ ಪ್ರೋಗ್ರಾಮಿದೆ. ಲಾಗಿನ ಸಂಖ್ಯೆಗಳನ್ನೆಲ್ಲ ನಮ್ಮ ಗಂಟೆಗೆ ತಿರುಗಿಸಿ, ಬೆಳಗ್ಗೆ, ಮಧ್ಯಾಹ್ನ ಎಂದು ಕನ್ನಡದಲ್ಲೇ ಬರೆದುಕೊಡುತ್ತದೆ. ಅಂದು ಅದು ಹತ್ತಿರವಿರಲಿಲ್ಲ. ಬಿಸಿಲಿನಲ್ಲಿ ನಿಂತು ಇನ್ನೊಂದು ಫೋನಿನಿಂದ ನೇರವಾಗಿ ಸರ್ವರಿಗೇ ಹೋದೆ. ಆ ಮೋಟರಿನ ಕಡೆಯ ಸಾಲೊಂದನ್ನೇ ತೆಗೆದೆ. ಹತ್ತು ಅಂಕಿ, ಆಫ್, ಕೈಯಾರೆ ನಿಲ್ಲಿಸಿದ ಗುರುತು. ಡೇಟ್ ಎಂದು ಬರೆದು, ಡ್ಯಾಶ್ ಡಿ ಹಾಕಿ, ಅಟ್ ಚಿಹ್ನೆಯ ಮುಂದೆ ಆ ಸಂಖ್ಯೆ ಕೂರಿಸಿ ಒತ್ತಿದೆ. ಲಿನಕ್ಸಿನಲ್ಲಿ ಇದು ಅಕ್ಷರಾಭ್ಯಾಸದ ಪಾಠ. ತೆರೆಯ ಮೇಲೆ ಆರು, ನಲವತ್ತು, ಹದಿನೆಂಟು ಎಂದು ಬಂತು.

"ಆರೂ ನಲವತ್ತು. ಮೇಲೆ ಹದಿನೆಂಟು ಸೆಕೆಂಡು," ಎಂದೆ.

ಆ ಕಡೆ ಅವನು ಅದನ್ನು ಗಟ್ಟಿಯಾಗಿ ಕೂಗಿ ಹೇಳಿದ. ಯಾರೋ ದೊಡ್ಡದಾಗಿ ಉಸಿರು ಬಿಟ್ಟದ್ದು ನನಗೂ ಕೇಳಿಸಿತು. ಶ್ರವಣವೇ ಸರಿ ಎಂದು ಜೋಯಿಸರ ದನಿ. ಮನೆ ಉಳಿಯಿತು.

ಹದಿನೈದು ದಿನವಾದ ಮೇಲೆ ಒಂದು ಮಧ್ಯಾಹ್ನ ಆ ಊರಿಗೆ ಹೋದೆ. ಹೊಸ ನೀರುಗಂಟಿಯ ಫೋನ್ ನಂಬರನ್ನು ಪ್ಯಾನಲ್ಲಿಗೆ ಸೇರಿಸುವ ಕೆಲಸವಿತ್ತು. ಅದನ್ನು ಮುಗಿಸಿ ಮನೆಗೆ ಹೋದರೆ, ಸೊಸೆ ಬಾಗಿಲಲ್ಲೇ ನನ್ನನ್ನು ತಡೆದು ಹೇಳಿದಳು, "ಅತ್ತೆ ಊಟ ಬುಟ್ಟವ್ರೆ ಕಣಕ್ಕ. ಹೊತ್ನಂತೆ ಎದ್ದು ಪಂಪ್‌ಹೌಸ್ ತಾವ ಹೋಗಿ ಕೂತ್ಕತಾರೆ. ಮಧ್ಯಾಹ್ನದ ತಂಕ ಎದ್ದು ಬರಾಕಿಲ್ಲ."

ಒಳಗೆ ಗೋಡೆಗೆ ಒರಗಿ ಕೂತಿದ್ದ ಅವರನ್ನು ನೋಡಿ ನನಗೆ ಗುರುತೇ ಸಿಗಲಿಲ್ಲ. ಎರಡೂವರೆ ತಿಂಗಳ ಹಿಂದೆ ನಲ್ಲಿ ತಿರುಗಿಸಿ ತೋರಿಸಿ ನಕ್ಕ ಹೆಂಗಸು ಇವರೇನಾ ಅನ್ನಿಸಿತು.

"ಆರೂ ನಲವತ್ತು ಅಂತ ಹೇಳ್ದೋಳು ನೀನೇ ಅಲ್ವೇನವ್ವ," ಎಂದರು.

"ಹೌದಮ್ಮ."

"ಐದ್ ಗಂಟೆಗೆ ಎದ್ದು ಕಾಫಿ ಕುಡ್ದು ಹೋದ್ರು. ಒಂಬತ್ಕೆ ಬಂದು ಮುದ್ದೆ ಉಣ್ಣೋರು. ಬರ್ಲಿಲ್ಲ. ಪೈಪ್ ಗಿಯ್ಪ್ ಒಡ್ದಿರ್ಬೇಕು, ಬತ್ತಾರೆ ಬುಡು ಅಂದ್ಕಂಡೆ. ನೋಡ್ಕಂಡ್ ಬರಾಣ ಅನ್ನಿಸ್ತು, ಕಾಲು ನೋವು ಅಂತ ಕೂತ್ಕಂಡೆ. ಕಡ್ಲೇಕಾಯಿ ಸುಲೀತಾ ಕೂತಿದ್ದೆ ಕಣವ್ವ. ಅವ್ರು ಅಲ್ಲಿ ಆರು ಗಂಟೆ ಹೊತ್ತು ನೆಲದ್ ಮ್ಯಾಲೆ ಬಿದ್ದವ್ರೆ. ಇರುವೆ ಹತ್ತಿರ್ತವೆ. ನಾಯಿ ಬಂದು ಮೂಸಿರ್ತವೆ. ಬಿದ್ ತಕ್ಷಣ ಹೋಗಿದ್ರೋ, ನನ್ನ ಕರೀತಾ ಬಿದ್ದಿದ್ರೋ. ನಾನು ಕಡ್ಲೇಕಾಯಿ ಸುಲೀತಿದ್ದೆ."

ನಾನು ಹೊರಗೆ ಬಂದೆ. ಹೆಣ ಕಂಡ ಕುರಿಗಾಹಿ, ಮೈ ಇನ್ನೂ ಬೆಚ್ಚಗಿತ್ತು, ಈಗತಾನೇ ಹೋದಂಗಿತ್ತು ಎಂದು ಎಲ್ಲರ ಮುಂದೆ ಹೇಳಿದ್ದನಂತೆ. ತಗಡಿನ ಸೂರಿನ ಕಾವಿಗೆ ಬೆಚ್ಚಗಾಗಿರುತ್ತೆ ಸುಮ್ಮನಿರಪ್ಪ, ಕಂಪ್ಯೂಟರು ಸುಳ್ಳು ಹೇಳುತ್ತದಾ ಎಂದು ಊರವರು ಅವನ ಬಾಯಿ ಮುಚ್ಚಿಸಿದ್ದರು. ಇದನ್ನೂ ಸೊಸೆಯೇ ಹೇಳಿದಳು. ನಾನೂ ಹಾಗೇ ಅಂದುಕೊಂಡು ಬಸ್ಸು ಹತ್ತಿದೆ.

ಎರಡು ದಿನ ಬಿಟ್ಟು ತಿಂಗಳ ವರದಿ ತೆಗೆಯಲು ಕೂತೆ. ಪ್ರೋಗ್ರಾಮ್ ಓಡಿಸುವ ಮುಂಚೆ ಸರ್ವರಿನಲ್ಲಿ ಆ ಮೋಟರಿನ ಸಾಲುಗಳನ್ನು ಸುಮ್ಮನೆ ಮೇಲಿನಿಂದ ಕೆಳಕ್ಕೆ ನೋಡುತ್ತಿದ್ದೆ. ನೀರುಗಂಟಿ ಕಡೆಯ ಸಲ ಆಫ್ ಮಾಡಿದ ಸಾಲಿನ ಮೇಲಿನ ಸಾಲು ಆನ್. ಅದನ್ನೂ ತಿರುಗಿಸಿದೆ. ನಾಲ್ಕು ಗಂಟೆ ಐದು ನಿಮಿಷ. ಮನುಷ್ಯ ಐದಕ್ಕೆ ಎದ್ದು ಕಾಫಿ ಕುಡಿದು ಮನೆ ಬಿಟ್ಟವರು, ನಾಲ್ಕೂ ಐದಕ್ಕೆ ಊರಾಚೆ ಹೋಗಿ ಮೋಟರ್ ಹಾಕುವುದು ಹೇಗೆ?

ಆಗ ನೋಡಿದೆ, ಗಂಟೆಯ ಪಕ್ಕದ ಮೂರು ಅಕ್ಷರಗಳನ್ನು. ಯುಟಿಸಿ. ಸರ್ವರಿನ ಗಡಿಯಾರ ನಮ್ಮದಲ್ಲ. ಅದು ಲಂಡನ್ ಪಕ್ಕದ ಊರೊಂದರ ಲೆಕ್ಕದ್ದು, ನಮಗಿಂತ ಐದೂವರೆ ಗಂಟೆ ಹಿಂದೆ. ಆಫೀಸಿನ ಕಂಪ್ಯೂಟರಿಗೆ ನಮ್ಮ ದೇಶದ ಗಂಟೆ ಕೊಟ್ಟಿದ್ದೆ, ಆದ್ದರಿಂದ ಅಲ್ಲಿ ಅದೇ ಆಜ್ಞೆ ಸರಿಯಾದ ಉತ್ತರ ಕೊಡುತ್ತಿತ್ತು. ಅಂದು ಫೋನಿನ ಸಣ್ಣ ತೆರೆಯಲ್ಲಿ ಸಾಲು ಹಿಡಿಸದೆ ಆ ಮೂರು ಅಕ್ಷರ ಕೆಳಗಿನ ಸಾಲಿಗೆ ಜಾರಿದ್ದವು. ನಾನು ಕೆಳಗೆ ಕಣ್ಣು ಹಾಯಿಸಿರಲಿಲ್ಲ.

ಐದೂವರೆ ಕೂಡಿಸಿದೆ. ಮೋಟರ್ ಆನ್ ಆದದ್ದು ಬೆಳಗ್ಗೆ ಒಂಬತ್ತೂ ಮೂವತ್ತೈದಕ್ಕೆ. ಕೈಯಾರೆ ಆಫ್ ಆದದ್ದು ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ. ಕುರಿಗಾಹಿ ಬಂದದ್ದು ಹನ್ನೆರಡೂವರೆಗೆ. ಆರು ಗಂಟೆಯಲ್ಲ, ಇಪ್ಪತ್ತು ನಿಮಿಷ. ಹೊಸದಾಗಿ ಟ್ಯೂಬು ಸುತ್ತಿ ಬಿಗಿದಿದ್ದ ಪೈಪಿನ ಒಂದು ಗಂಟನ್ನು, ನಂಬರು ಸೇರಿಸಲು ಹೋದಾಗ ಪಂಪ್‌ಹೌಸಿನಲ್ಲಿ ನಾನೇ ನೋಡಿದ್ದೆ. ಬೆಳಗ್ಗೆಯೆಲ್ಲ ಅದನ್ನು ರಿಪೇರಿ ಮಾಡಿ, ತಡವಾಗಿ ಮೋಟರ್ ಹಾಕಿ, ಟ್ಯಾಂಕು ತುಂಬುವ ತನಕ ಕಾದು, ನಿಲ್ಲಿಸಿ, ಮನೆಗೆ ಹೊರಟಿದ್ದ ಮನುಷ್ಯ.

ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ನಿಂತೆ. ನನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಂಪ್ಯೂಟರ್ ಕಲಿಯಲು ಬರುವ ಮಕ್ಕಳಿಗೆ ಮೊದಲ ದಿನ ಹೇಳಿಕೊಡುವ ಎಚ್ಚರಿಕೆ ಅದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಒಂದು ಮಾತನ್ನು ನಂಬಿ ಜೋಯಿಸರು ನಕ್ಷತ್ರ ಹೇಳಿದ್ದರು, ಕಣ್ಣಾರೆ ಕಂಡವನನ್ನು ಊರು ಸುಮ್ಮನಾಗಿಸಿತ್ತು, ಒಬ್ಬ ಹೆಂಗಸು ಊಟ ಬಿಟ್ಟಿದ್ದಳು.

ಅಂದೇ ಸರ್ವರಿನ ಗಂಟೆ ಬದಲಿಸಿದೆ. ಲಿನಕ್ಸಿಗೆ ಮಧುಗಿರಿ ಗೊತ್ತಿಲ್ಲ, ಶಿರಾ ಗೊತ್ತಿಲ್ಲ. ನಮ್ಮ ದೇಶಕ್ಕೆಲ್ಲ ಸೇರಿ ಅದಕ್ಕೆ ಗೊತ್ತಿರುವ ಊರು ಕೋಲ್ಕತ್ತಾ. ಅದನ್ನು ಕೊಟ್ಟರೆ ಆಯಿತು, ಒಂದೇ ಸಾಲಿನ ಕೆಲಸ. ಮುಂಚೆಯೇ ಮಾಡಬೇಕಿತ್ತು.

ಆದರೆ ಹಳ್ಳಿಗೆ ಹೋಗಿ ಹೇಳುವುದು ಒಂದು ಸಾಲಿನ ಕೆಲಸವಾಗಿರಲಿಲ್ಲ. ಹನ್ನೆರಡೂ ಹತ್ತು ಎಂದರೆ ಧನಿಷ್ಠ. ಹೇಳಿದರೆ ಆ ತಾಯಿಯ ಎದೆಯ ಮೇಲಿನ ಕಲ್ಲು ಇಳಿಯುತ್ತದೆ, ಆದರೆ ಹನ್ನೊಂದು ವರ್ಷ ಕಟ್ಟಿದ ಮನೆಯ ಬಾಗಿಲು ಮುಚ್ಚುತ್ತದೆ. ಹೇಳದಿದ್ದರೆ ಮನೆ ಉಳಿಯುತ್ತದೆ, ಅವರು ಉಳಿಯುವುದು ಅನುಮಾನ. ನುಂಗಲಾರದ, ಉಗುಳಲಾರದ ಬಿಸಿತುಪ್ಪ. ಮನೆಯವರೆಲ್ಲ ನಂಬಿ ನೆಮ್ಮದಿಯಾಗಿರುವಾಗ ನೀನ್ಯಾಕೆ ಹೋಗಿ ಕೆದಕಬೇಕು ಎಂದು ಒಂದು ಮನಸ್ಸು. ನೆಮ್ಮದಿಯಾಗಿರುವುದು ಮನೆಯವರೆಲ್ಲ ಅಲ್ಲ, ನೀನು ಎಂದು ಇನ್ನೊಂದು ಮನಸ್ಸು. ನಾಲ್ಕು ದಿನ ಹೀಗೇ ಕಳೆದೆ. ಹೇಡಿತನ ಎನ್ನುವುದಕ್ಕೆ ಬೇರೆ ಹೆಸರು ಹುಡುಕಿದೆ, ಸಿಗಲಿಲ್ಲ. ಐದನೇ ದಿನ ಬೆಳಗ್ಗೆ ಆ ಎರಡು ಸಾಲನ್ನು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಒಂದು ಹಾಳೆಯ ಮೇಲೆ ತೆಗೆದುಕೊಂಡು ಹೊರಟೆ.

ನಾನು ಹೋದಾಗ ಅವರು ಪಂಪ್‌ಹೌಸಿನಿಂದ ಬಂದು ಜಗಲಿಯ ಮೇಲೆ ಕೂತಿದ್ದರು. ಊಟಕ್ಕೆ ಬಂದಿದ್ದ ಮಗ ಮತ್ತೆ ಮಂಡಿಗೆ ಹೊರಡಲು ಬೈಕು ಒರೆಸುತ್ತಿದ್ದ. ಹಾಳೆಯನ್ನು ಅವರ ಕೈಗೆ ಕೊಟ್ಟು, ನಿಂತುಕೊಂಡೇ ಎಲ್ಲ ಹೇಳಿದೆ. ನಾನು ತಪ್ಪು ಹೇಳಿದ್ದೆ ಎಂದೆ. ಸರ್ವರಿನ ಗಡಿಯಾರ ಲಂಡನ್ನಿನ ಲೆಕ್ಕದ್ದು, ಅದನ್ನು ನಮ್ಮ ಗಂಟೆಗೆ ತಿರುಗಿಸದೆ ಹೇಳಿಬಿಟ್ಟೆ ಎಂದೆ. ಒಂಬತ್ತೂ ಮೂವತ್ತೈದಕ್ಕೆ ಅವರೇ ಮೋಟರ್ ಹಾಕಿದ್ದಾರೆ, ಹನ್ನೆರಡೂ ಹತ್ತಕ್ಕೆ ಅವರೇ ನಿಲ್ಲಿಸಿದ್ದಾರೆ, ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದರು ಎಂದೆ.

ಮೊದಲು ಬಾಯಿ ತೆರೆದವನು ಮಗ. ಬೈಕಿನ ಬಟ್ಟೆ ಹಿಡಿದುಕೊಂಡೇ ಬಂದ.

"ಏನಕ್ಕಾ ನೀವು? ಈಗ್ ಬಂದು ಹೇಳ್ತೀರಾ? ಹನ್ನೆರಡೂ ಹತ್ತು ಅಂದ್ರೆ ಧನಿಷ್ಠ. ಮೂರು ವಾರ ಆಗೈತೆ. ಆ ಹಾಳೆ ಹರ್ದಾಕಿ. ಯಾರ್ಗೂ ಗೊತ್ತಾಗದು ಬ್ಯಾಡ."

"ಲೇ, ಸುಮ್ಕಿರ್ಲಾ," ಎಂದರು ತಾಯಿ. ಹಾಳೆಯಿಂದ ಕಣ್ಣು ತೆಗೆದಿರಲಿಲ್ಲ. ಅವರಿಗೆ ಓದಲು ಬರುತ್ತಿತ್ತು, ಆದರೆ ಒಂದೊಂದೇ ಅಕ್ಷರ ಕೂಡಿಸಿ ಓದಬೇಕು. ಎರಡು ಸಾಲು ಓದಲು ತುಂಬ ಹೊತ್ತು ಹಿಡಿಯಿತು.

"ಅಂಗಾದ್ರೆ ನಾನು ಕಡ್ಲೇಕಾಯಿ ಸುಲೀತಿದ್ದಾಗ ಇವ್ರು ಕೆಲ್ಸ ಮಾಡ್ತಿದ್ರು."

"ಹೂಂ ಅಮ್ಮ."

"ಬಿದ್ದಿರ್ಲಿಲ್ಲ."

"ಬಿದ್ದಿರಲಿಲ್ಲ."

"ಕುರಿಯೋನು ಹೇಳಿದ್ದು ನಿಜ. ಮೈ ಬೆಚ್ಚಗಿತ್ತು."

"ನಿಜ ಅಮ್ಮ. ನಾನು ಹೇಳಿದ್ದೇ ಸುಳ್ಳು."

ಅವರು ಅತ್ತರು. ಮೂರು ವಾರದಲ್ಲಿ ಅತ್ತೇ ಇರಲಿಲ್ಲವೆಂದು ಆಮೇಲೆ ಸೊಸೆ ಹೇಳಿದಳು. ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳದೆ, ಎಲ್ಲರೆದುರು, ದನಿ ತೆಗೆದು ಅತ್ತರು. ಅಕ್ಕಪಕ್ಕದ ಮನೆಯವರು ಬಂದು ನಿಂತರು. ನಾನೂ ಅತ್ತೆ, ನನಗೆ ಆ ಹಕ್ಕು ಇರಲಿಲ್ಲ, ಆದರೂ ಅತ್ತೆ. ಕಾಲು ಮುಟ್ಟಿ ತಪ್ಪಾಯಿತು ಎನ್ನಲು ಬಗ್ಗಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು.

"ಮೂರು ವಾರ ನನ್ನ ಬೇಯ್ಸ್‌ಬುಟ್ಟೆ ಕಣವ್ವ ನೀನು," ಎಂದರು. ಬೈಗುಳವೇ ಅದು, ಸಲಿಗೆಯಲ್ಲ.

ಮಗ ಮತ್ತೆ ಮನೆಯ ಮಾತೆತ್ತಿದ. ಊರವರಿಗೆ ಹೇಳುವುದು ಬೇಡ, ಜೋಯಿಸರಿಗೂ ಬೇಡ, ನಮ್ಮ ನಮ್ಮಲ್ಲೇ ಇದ್ದುಬಿಡಲಿ ಎಂದ. ಅಪ್ಪ ಎರಡು ತಿಂಗಳೂ ಸರಿಯಾಗಿ ಮಲಗದ ಮನೆ ಇದು ಎಂದೂ ಹೇಳಿದ. ಅವನ ಮೇಲೆ ನನಗೆ ಬೇಸರವಾಗಲಿಲ್ಲ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ.

ತಾಯಿ ಗೋಡೆ ಹಿಡಿದು ಎದ್ದರು. "ಆರೂ ನಲವತ್ತು ಅನ್ಕಂಡು ಈ ಮನೇಲಿರಾದಾದ್ರೆ ನಂಗೆ ಈ ಮನೆ ಬ್ಯಾಡ ಕಣ್ಲಾ. ಹನ್ನೆರಡೂ ಹತ್ತು ಅಂತ ಎಲ್ರಿಗೂ ಹೇಳು. ಕುರಿಯೋನ್ಗೆ ಮೊದ್ಲು ಹೇಳು. ಮನೆ ಆರು ತಿಂಗ್ಳಿಗೆ ತಗೀತದೆ," ಎಂದು ಒಳಗೆ ಹೋಗಿ ಪಾತ್ರೆಗಳನ್ನು ಇಳಿಸತೊಡಗಿದರು. ಸೊಸೆ ಅತ್ತೆಯ ಹಿಂದೆ ಹೋದಳು. ಮಗ ಬೈಕಿನ ಕೀಲಿ ಜೇಬಿಗೆ ಹಾಕಿಕೊಂಡು ತಾನೂ ಒಳಗೆ ಹೋದ.

ಅವನ ದೊಡ್ಡಪ್ಪನ ಹಳೆಯ ಹೆಂಚಿನ ಮನೆಯೊಂದು ಆ ಬೀದಿಯ ಕೊನೆಯಲ್ಲಿ ಖಾಲಿ ಇತ್ತು. ಸಂಜೆಯವರೆಗೆ ಅಲ್ಲಿಗೆ ಸಾಮಾನು ಹೊತ್ತೆವು. ನನ್ನನ್ನು ಯಾರೂ ಕರೆಯಲಿಲ್ಲ, ಬೇಡ ಎಂದೂ ಹೇಳಲಿಲ್ಲ. ರಾಗಿಯ ಮೂಟೆಯ ಒಂದು ತುದಿ ಸೊಸೆ ಹಿಡಿದಳು, ಇನ್ನೊಂದು ತುದಿ ನಾನು ಹಿಡಿದೆ. ನಾಲ್ಕನೇ ಸಲ ಹೋಗಿ ಬರುವಾಗ ಕುರಿಗಾಹಿ ದಾರಿಯಲ್ಲಿ ಎದುರಾದ. ಸುದ್ದಿ ಅವನಿಗೆ ತಲುಪಿತ್ತು. ನನ್ನ ಮುಖ ನೋಡಿ, ಕುರಿಗಳನ್ನು ಬದಿಗೆ ತಳ್ಳಿ ದಾರಿ ಬಿಟ್ಟ.

ಕಡೆಗೆ ಬಾಗಿಲು ಹಾಕುವ ಹೊತ್ತು. ಮಗ ಹೊಸ ಬೀಗ ತಂದಿದ್ದ. ಅದನ್ನು ಅವನ ಕೈಯಿಂದ ತೆಗೆದುಕೊಂಡು ತಾಯಿ ತಾವೇ ಚಿಲಕ ಎಳೆದರು. ಬೀಗ ಕೊಂಡಿಗೆ ಸಿಕ್ಕಿಸಿ, ಒತ್ತುವ ಮುಂಚೆ ನನ್ನ ಕಡೆ ತಿರುಗಿದರು.

"ಈಗೆಷ್ಟು ಗಂಟೆ ನೋಡವ್ವ."

ಫೋನು ನೋಡಿದೆ. ಇನ್ನೊಂದು ಸಲ ನೋಡಿದೆ. "ಐದೂ ಇಪ್ಪತ್ತು ಅಮ್ಮ."

"ಯಾವೂರ್ದು? ಲಂಡನ್ದಾ?"

ಅವರ ಮುಖದಲ್ಲಿ ನಗು ಇರಲಿಲ್ಲ. ನಾನು ಪಶ್ಚಿಮಕ್ಕೆ ತಿರುಗಿ ಬಿಸಿಲು ಎಷ್ಟು ಇಳಿದಿದೆ ನೋಡಿದೆ, ಆಮೇಲೆ ಹೇಳಿದೆ.

"ನಮ್ಮೂರ್ದೇ ಅಮ್ಮ."

ಅವರು ತಲೆಯಾಡಿಸಿ ಬೀಗ ಒತ್ತಿದರು.